ಅಚ್ಚಾಗದ ಪದರು

ಡಾಕ್ಟರ ಮನೆಯ ನಕ್ಷೆ ನಾಳೆ ಹತ್ತಕ್ಕೆ
ಏಳು ಗುತ್ತಿಗೆದಾರರ ಕೈಗೆ ಹೋಗಬೇಕು.
"ದಾನೇಶ್ವರಿ, ಮನಿ ಒಳಗಿಂದು ಹೊರಗ ಹೋಗಬಾರ್ದು ನೋಡವಾ,
ಗ್ವಾಡಿ ಅಷ್ಟ ಇರಲಿ, ಮಾತು ಬ್ಯಾಡ"
ಅಂದು ಸಾಹೇಬರು ಹೆಲ್ಮೆಟ್ಟು ಏರಿಸಿ ಮೆಟ್ಟಿಲಿಳಿದರು.

ನವನಗರದ ಮೊದಲ ಮಹಡಿ, ಸಂಜೆ.
ಕೆಳಗೆ ಝೆರಾಕ್ಸ್ ಯಂತ್ರದ ಗುಂಯ್.

ನೋಡಿದರೆ ಸಾಧು ನಕ್ಷೆ:
ಬಿಳಿ ಗೋಡೆ, ಹಳದಿ ಬಾಗಿಲು, ಮೆಟ್ಟಿಲಿಗೊಂದು ಬಾಣ.
ಆರಿಸಿಟ್ಟ ಪದರುಗಳ ಪುಟ್ಟ ಬಲ್ಬು ಒಂದೊಂದೇ ಹೊತ್ತಿಸಿದೆ.
ಮನೆ ಬಾಯಿಬಿಟ್ಟಿತು.

ದೇವರ ಕೋಣೆಯ ಹಿಂದೆ, ನೆಲದಿಂದ ಎರಡಡಿಗೆ, ತಿಜೋರಿ.
ಬಾಗಿಲಿನ ಬ್ಲಾಕಿನ ಹೊಟ್ಟೆಯಲ್ಲಿ ಡಾಕ್ಟರ ಹೆಂಡತಿಯ ಫೋನ್ ನಂಬರು.
ಕೆಂಪಕ್ಷರದಲ್ಲಿ: ಅತ್ತಿಯವರ ಖೋಲಿ ಅಂತ ಬರೀಬ್ಯಾಡ್ರಿ, ಗೆಸ್ಟ್ ರೂಮ್ ಅನ್ರಿ.
ನಿವೇಶನದಡಿ ಅಂಟಿಸಿ ಮರೆತ ಆಧಾರ ಕಾರ್ಡು,
ಅದರಲ್ಲಿ ಡಾಕ್ಟರು, ಎಲ್ಲರಂತೆ,
ಏನೋ ಮಾಡಿ ಸಿಕ್ಕಿಬಿದ್ದವರ ಮುಖ.

ಅಳಿಸಿದೆ. ಅತ್ತೆಯನ್ನೂ ಅಳಿಸಿದೆ.
ಕೈ ನಡುಗಲಿಲ್ಲ, ದಿನದ ಕೆಲಸ ಇದು,
ಮರದಲ್ಲಿ ಜೋಳ ಹಸನು ಮಾಡಿದ ಹಾಗೆ.

ಮುಗಿಯಿತೆಂದು ಇಡೀ ನಕ್ಷೆ ಕಾಣುವ ಗುಂಡಿ ಒತ್ತಿದರೆ
ಡಾಕ್ಟರ ಮನೆ ಸಾಸಿವೆಯಾಗಿ ಮೂಲೆ ಸೇರಿತು.
ಅಂದರೆ, ದೂರದಲ್ಲೆಲ್ಲೋ ಏನೋ ಇದೆ.
ಯಾರೋ ಬಿಟ್ಟ ಒಂದು ಚುಕ್ಕೆ
ಹರದಾರಿ ಕತ್ತಲೆಯ ಆಚೆ.

ಮೌಸಿನ ಗಾಲಿ ಉರುಳಿಸುತ್ತ ಹೋದೆ.
ಹೋದೆ, ಹೋದೆ.
ಚುಕ್ಕೆ ಗೆರೆಯಾಯಿತು, ಗೆರೆ ಗೋಡೆಯಾಯಿತು.
ಅಚ್ಚಾಗದ ಪದರಿನಲ್ಲಿ ಒಂದು ಮನೆ.

ಎರಡಡಿ ದಪ್ಪ ಗೋಡೆ, ಈಗ ಯಾರು ಕಟ್ಟುತ್ತಾರೆ.
ಪಡಸಾಲೆ ಹನ್ನೊಂದಡಿ ನಾಲ್ಕಿಂಚು.
ಬೆಳಕಿಂಡಿ ಎರಡು, ಒಂದರ ಪಕ್ಕ: 'ಇದರಾಗಿಂದ ಬೆಕ್ಕು ಬೀಳತಿತ್ತು.'
ಗೋಡೆಗೂಡಿನ ಪಕ್ಕ: 'ಅಬ್ಬಾನ ಬೀಡಿ.'
ಹೊಸ್ತಿಲಿಗೆ ಅಳತೆಯಿಲ್ಲ, ಬರೀ ಪ್ರಶ್ನೆ ಗುರುತು.
ಹೊರಗೋಡೆಗೆ ಕೆಂಪಿನಲ್ಲಿ ೩೧೨/ಬ,
ನೀರು ಬರುವ ಮುಂಚೆ ಅಳೆಯಲು ಬಂದವರು ಬಳಿದು ಹೋದ ನಂಬರು.

ಮೌಲಾಸಾಬ ಕೊರ್ತಿ.
ನನಗಿಂತ ಮುಂಚೆ ಈ ಕುರ್ಚಿಯಲ್ಲಿ ಕೂತವರು.
ಮಧ್ಯಾಹ್ನ ಎಲ್ಲರೂ ಚಹಾಕ್ಕೆ ಇಳಿದರೂ ಇಳಿಯುತ್ತಿರಲಿಲ್ಲವಂತೆ,
ಬುತ್ತಿ ಬಿಚ್ಚಿಟ್ಟು ಪರದೆಗೆ ಮುಖವಂತೆ.
ಏನ್ ಮಾಡಾಕತ್ತೀರಿ ಅಂದರೆ
'ಅಳತಿ ಕೂಡವಲ್ದು' ಅನ್ನುತ್ತಿದ್ದರಂತೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದರೆ
ಹಳೇ ಊರಿನ ಅಡಿಪಾಯ ಕಾಣುತ್ತವೆ ಅನ್ನುತ್ತಾರೆ. ನಾನು ನೋಡಿಲ್ಲ.
ನಾನು ಹುಟ್ಟಿದ್ದೇ ಸೆಕ್ಟರಿನಲ್ಲಿ, ನಂಬರಿನ ಒಳಗೆ.

ಒಬ್ಬರ ಮನೆಯ ಹಿಂದೆ ಕಟ್ಟಿಕೊಂಡು
ಇನ್ನೊಬ್ಬರ ಮನೆ ಟೆಂಡರಿಗೆ ಹೋಗುವಂತಿಲ್ಲ.
ಆಯ್ದೆ. ಇನ್ನೂರ ಆರು ವಸ್ತು ಎಂದಿತು ಯಂತ್ರ,
ಬೆಕ್ಕನ್ನೂ ಎಣಿಸಿ.

ಬೆರಳು ಡಿಲೀಟಿನ ಮೇಲಿತ್ತು. ತೆಗೆದೆ.
ಹೊಸ್ತಿಲಿನ ಈ ತುದಿ, ಆ ತುದಿ ಒತ್ತಿ ಅಳೆದೆ:
ಮೂರಡಿ ಒಂದಿಂಚು.
ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ,
ಯಾಕೆಂದು ಕೇಳಬೇಡಿ.
ಆಮೇಲೆ ಒತ್ತಿದೆ.
ಕಡತ ಕೂದಲೆಳೆಯಷ್ಟೂ ಹಗುರಾಗಲಿಲ್ಲ.

ಉಳಿಸಿ, ಗುಣಲಕ್ಷಣ ತೆರೆದು ನೋಡಿದರೆ
ಕೊನೆಗೆ ಉಳಿಸಿದವರು: ಮೌಲಾ ಕೊರ್ತಿ.
ಒರೆಸಿ ಮತ್ತೆ ಉಳಿಸಿದೆ. ಮತ್ತೆ ಮೌಲಾ ಕೊರ್ತಿ.
ಈ ಕಂಪ್ಯೂಟರಿಗೆ ಗೊತ್ತಿರುವ ಮನುಷ್ಯ ಅವರೊಬ್ಬರೇ.
ಮೂರು ವರ್ಷ ನಾನು ಬರೆದ ಬಾಗಿಲು, ಬಚ್ಚಲು, ಮೆಟ್ಟಿಲು
ಎಲ್ಲ ಅವರ ಹೆಸರಿನಲ್ಲೇ ಊರು ಸೇರಿವೆ.

ಹೆಸರು ಬದಲಿಸಲು ಹೋದರೆ ಪಾಸ್‌ವರ್ಡು ಕೇಳಿತು.
ಸಾಹೇಬರು ಫೋನಿನಲ್ಲಿ ನಕ್ಕರು:
"ಅದು ಮೌಲಾಗ ಅಷ್ಟ ಗೊತ್ತದ. ಅವಗ ಹಚ್ಚು."

ಹಚ್ಚಿದ್ದೇನೆ.
ಏನೆಂದು ಶುರು ಮಾಡಲಿ,
ನಿಮ್ಮ ಹೆಸರು ತೆಗೀಬೇಕಿತ್ರಿ, ಕೀಲಿ ಹೇಳ್ರಿ ಎಂದೇ?
ರಿಂಗಾಗುತ್ತಿದೆ.
ಅಂಗೈಯ ಬೆವರಿಗೆ ಒಂದಿಂಚು ಅಳಿಸಿ ಹೋಗಿದೆ,
ಮೂರಡಿ ಇನ್ನೂ ಇದೆ.